ಬ್ಯಾಟು ಬಿಗಿಯುತ್ತಿದ್ದ ಹತ್ತಿಯಮ್ಮ

ಹತ್ತಿಯಮ್ಮನ ಎಡಗೈ ತೋರುಬೆರಳಿನಲ್ಲಿ ಅಡ್ಡಲಾಗಿ ಒಂದು ಕಚ್ಚು ಇತ್ತು. ಗಾಯ ಮಾಯ್ದ ಗುರುತಲ್ಲ, ನಯವಾಗಿ ಸವೆದ ಕಚ್ಚು. ಅದರೊಳಗೆ ಒಂದು ಅಕ್ಕಿಕಾಳನ್ನು ಮಲಗಿಸಿದರೆ ಜಾರದೆ ನಿಲ್ಲುತ್ತಿತ್ತು. ನಾನೇ ಒಮ್ಮೆ ಇಟ್ಟು ನೋಡಿದ್ದೇನೆ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಬಂದಾಗಿನಿಂದ ಹತ್ತಿ ಹಿಂಜುವ ಬಿಲ್ಲಿಗೆ ನರ ಬಿಗಿದು ಬಿಗಿದು ಆದ ಕಚ್ಚು ಅದು. ಕುರಿಯ ಕರುಳನ್ನು ಹೊಸೆದು ಒಣಗಿಸಿದ ಗಟ್ಟಿ ದಾರಕ್ಕೆ ಅವರು ನರ ಎನ್ನುತ್ತಿದ್ದರು.

ಅವರ ಮನೆ ಮದ್ದೂರಿನಲ್ಲಿ, ರೈಲು ನಿಲ್ದಾಣದ ಹಿಂದಿನ ಸಾಬರ ಕೇರಿಯಲ್ಲಿತ್ತು. ವರ್ಷಕ್ಕೊಮ್ಮೆ, ಕಬ್ಬು ಅರೆಯುವುದು ಮುಗಿದು ಮಂಡ್ಯದ ಸಕ್ಕರೆ ಕಾರ್ಖಾನೆ ನಿಂತ ಮೇಲೆ, ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ರೈಲಿನಲ್ಲಿ ಬಂದಿಳಿಯುತ್ತಿದ್ದರು. ಕಾರ್ಖಾನೆಯ ಕ್ವಾರ್ಟರ್ಸಿನ ಹಿತ್ತಿಲುಗಳಲ್ಲಿ ಕೂತು, ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಮೊದಲೆಲ್ಲ ಗಂಡನೂ ಜೊತೆಗೆ ಬರುತ್ತಿದ್ದರಂತೆ. ಹತ್ತಿಯ ದೂಳು ಎದೆಗಿಳಿದು ಕೆಮ್ಮು ಹಿಡಿದ ಮೇಲೆ ಅವರು ಮನೆಯ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಎಲ್ಲರ ಬಾಯಲ್ಲೂ ಅವರು ಹತ್ತಿಯಮ್ಮ. ನಾವೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ಬರೆಯಲು ಕೂತಾಗ ಕೈ ಅದಕ್ಕೆ ಒಪ್ಪುವುದಿಲ್ಲ.

ನನಗೆ ಆಗ ಹತ್ತೊಂಬತ್ತು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಕಾರ್ಖಾನೆಯಲ್ಲಿ ಕೆಮಿಸ್ಟು. ಕಾರ್ಖಾನೆಯ ಅಧಿಕಾರಿಗಳಿಗೆ ಒಂದು ಕ್ಲಬ್ಬು, ಕ್ಲಬ್ಬಿನ ಹಿಂದೆ ಒಂದು ಟೆನ್ನಿಸ್ ಅಂಗಳ. ವಾರಕ್ಕೆರಡು ಬೆಳಿಗ್ಗೆ ಹೆಂಗಸರು ಆಡಬಹುದಿತ್ತು. ಆಡುತ್ತಿದ್ದವರು ಇಬ್ಬರೇ, ನಾನು ಮತ್ತು ಕಾರ್ಖಾನೆಯ ಡಾಕ್ಟರ ಹೆಂಡತಿ. ದಸರಾ ರಜೆಯಲ್ಲಿ ಮೈಸೂರಿನಲ್ಲಿ ಹೆಂಗಸರ ಪಂದ್ಯಗಳು ನಡೆಯುತ್ತಿದ್ದವು. ಮದುವೆಯಾಗಿ ಎಲ್ಲಿಗೋ ಹೊರಟುಹೋಗುವ ಮೊದಲು ಒಂದು ಸಲವಾದರೂ ಅಲ್ಲಿ ಆಡಬೇಕೆಂಬುದು ನನ್ನ ಹಟ.

ಅಮ್ಮನ ಹಟ ಬೇರೆ. ಟೆನ್ನಿಸ್ ಬ್ಯಾಟಿನ ಎಳೆಗಳು ಕುರಿಯ ಕರುಳಿನವು ಎಂದು ಯಾರೋ ಅವಳಿಗೆ ಹೇಳಿಬಿಟ್ಟಿದ್ದರು. ಅವತ್ತಿನಿಂದ ನನ್ನ ಬ್ಯಾಟಿಗೆ ಹೊಸ್ತಿಲು ದಾಟುವ ಅನುಮತಿ ಇರಲಿಲ್ಲ. ಹಿಂದಿನ ಪಡಸಾಲೆಯ ಮೊಳೆಯಲ್ಲಿ ಅದು ನೇತಾಡುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಮುಂಗಾರಿನಲ್ಲಿ ಎರಚಲು ಹೊಡೆದು, ನೆನೆದು, ಒಣಗಿ, ಮತ್ತೆ ನೆನೆದು, ಒಂದು ಬೆಳಿಗ್ಗೆ ನೋಡಿದರೆ ಅರ್ಧ ಎಳೆಗಳು ಕಿತ್ತು ಸುರುಳಿ ಸುತ್ತಿಕೊಂಡಿದ್ದವು. ಆ ವಾರವೇ ಹತ್ತಿಯಮ್ಮ ನಮ್ಮ ಹಿತ್ತಿಲಿಗೆ ಬಂದದ್ದು.

ಬಿಲ್ಲು ಇಳಿಸುವ ಮೊದಲೇ ಅವರ ಕಣ್ಣು ಮೊಳೆಯ ಮೇಲೆ ಬಿತ್ತು. "ಇದೇನವ್ವ ಇದು, ನಮ್ ಬಿಲ್ಲಿನ್ ನರದಲ್ಲಿ ಬಲೆ ಎಣ್ದವ್ರೆ?"

"ಟೆನ್ನಿಸ್ ಬ್ಯಾಟು. ಮಳೆಗೆ ಹಾಳಾಯಿತು."

"ನರನ ಮಳೇಗ್ ನೇತಾಕ್ತಾರಾ ಯಾರಾದ್ರೂ? ಒಳೀಕ್ ಇಟ್ಕೊಳಕ್ಕಿಲ್ವಾ?"

"ಅಮ್ಮ ಬಿಡಲ್ಲ. ಕರುಳು ಅಂತ."

ಹತ್ತಿಯಮ್ಮ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮಮ್ಮಾರು ಮನಗೋ ಆಸ್ಗೆ ಅತ್ತಿನೆಲ್ಲ ಇದೇ ಕರುಳಲ್ಲೇ ಕಣವ್ವ ನಾನು ಇಂಜೋದು. ಏಳ್ಬುಟ್ಟೀಯ ಮತ್ತೆ!"

ಕಿತ್ತ ಎಳೆಯೊಂದನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. ತಾನು ಇದನ್ನು ಬಿಗಿದು ಕೊಡಬಲ್ಲೆ ಎಂದರು. ಅದು ಆಗದ ಮಾತು ಎಂದೆ. ಎಳೆಗಳು ಕಲ್ಲಿನಂತೆ ಬಿಗಿಯಾಗಿರಬೇಕು. ಕ್ಲಬ್ಬಿನಲ್ಲಿ ಮದರಾಸಿನ ಒಬ್ಬ ಮಾರ್ಕರ್ ಇದ್ದ. ಆಟ ಕಲಿಸುವುದೂ ಬ್ಯಾಟು ಕಟ್ಟುವುದೂ ಅವನ ಕೆಲಸ. ಅಷ್ಟು ದಪ್ಪ ತೋಳಿನ ಆಳು, ಗೋಡೆಗೆ ಕಾಲು ಕೊಟ್ಟು ಜಗ್ಗುತ್ತಿದ್ದ. ಯುದ್ಧ ಬಂದದ್ದೇ ಅವನು ಬೆಂಗಳೂರಿನ ಮಿಲಿಟರಿಯವರ ಕ್ಲಬ್ಬಿಗೆ ಹೊರಟುಹೋಗಿದ್ದ. ಬ್ಯಾಟು ಬಿಗಿಯುವುದಕ್ಕೆ ಅಂತಲೇ ಕ್ಲಬ್ಬಿನ ಕಾರ್ಯದರ್ಶಿ ಇಂಗ್ಲೆಂಡಿನಿಂದ ಒಂದು ಯಂತ್ರ ತರಿಸಿದ್ದರು. ಕೈಯಿದ್ದವನಿಗೆ ಯಂತ್ರ ಯಾಕೆ ಎಂದು ಮಾರ್ಕರ್ ಅದನ್ನು ಮುಟ್ಟಿರಲೇ ಇಲ್ಲ.

"ಮಿಸಿನ್ನಾ?" ಹತ್ತಿಯಮ್ಮ ಎದ್ದು ನಿಂತರು. "ಎಳ್ಯಾದು ಯಾರು, ಆಳಾ ಮಿಸಿನ್ನಾ?"

"ಯಂತ್ರವೇ. ಒಂದು ತೂಕದ ಗುಂಡು ಇದೆ."

ಅವರು ಹಿತ್ತಿಲ ಬಾಗಿಲಿಗೆ ಆಗಲೇ ಹೊರಟಿದ್ದರು. "ಪೇಟೇಲಿ ಕರೆಂಟಲ್ಲಿ ಅತ್ತಿ ಇಂಜೋ ಮಿಸಿನ್ನು ಬಂದದೆ, ನೋಡಿದ್ದೀಯಾ? ಈ ವರ್ಸ ನಾಕ್ ಮನೇವ್ರು ನನ್ನ ಕರೀನಿಲ್ಲ. ಮುಂದಿನ್ ವರ್ಸ ನೀವೂ ಕರ್ಯಕಿಲ್ಲ. ಒಂದ್ ಮಿಸಿನ್ನು ನನ್ ಅನ್ನ ಕಿತ್ಕೊಂಡೋಯ್ತಾ ಅದೆ, ಇನ್ನೊಂದು ಕೆಲ್ಸಿಲ್ದೆ ಮನಗದೆ. ನಡಿಯವ್ವ, ತೋರ್ಸು."

ಕ್ಲಬ್ಬಿನ ಕಾರ್ಯದರ್ಶಿ ಕಾರ್ಖಾನೆಯ ಎಂಜಿನಿಯರು, ಶಿಸ್ತಿನ ಮನುಷ್ಯ. ಮುಂದಿನ ಮೆಟ್ಟಿಲಿನಿಂದ ಬರುತ್ತಿದ್ದ ನಮ್ಮಿಬ್ಬರನ್ನೂ ನೋಡಿ ಹಿಂದಿನ ಬಾಗಿಲಿಗೆ ಬರುವಂತೆ ಕೈ ಮಾಡಿದರು. ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. "ನೋಡಮ್ಮ, ಇದು ನಾಜೂಕಿನ ಕೆಲಸ. ನಮ್ಮ ಮಾರ್ಕರಿಗೇ ಇದು ಬರಲಿಲ್ಲ."

"ಅವ್ರು ಮುಟ್ನಿಲ್ಲ ಸೋಮಿ, ಅದ್ಕೇ ಬರ್ನಿಲ್ಲ. ನಾನ್ ಮುಟ್ತೀನಿ."

"ಯಾರ ಬ್ಯಾಟಿನ ಮೇಲೆ ಕಲಿಯುತ್ತೀಯ? ಸದಸ್ಯರು ಕೊಡುವುದಿಲ್ಲ."

ನನ್ನದರ ಮೇಲೆ ಎಂದು ನಾನು ಹೇಳಿದೆ. ಕಾರ್ಯದರ್ಶಿಗಳು, ಹಾಗಾದರೆ ಒಂದೇ ಒಂದು ಸಲ, ಮುರಿದರೆ ಮತ್ತೆ ಈ ಮಾತು ಎತ್ತಬಾರದು ಎಂದರು. ಯಂತ್ರವನ್ನು ಕ್ಲಬ್ಬಿನ ಅಡಿಗೆಮನೆಯ ಹಿಂದಿನ ಪಡಸಾಲೆಗೆ ತಂದಿಡಿಸಿದರು.

ಗೋಣಿಚೀಲ ತೆಗೆದಾಗ ಕಂಡದ್ದು ಸೊಂಟದೆತ್ತರದ ಕಬ್ಬಿಣದ ಕಾಲು, ಅದರ ಮೇಲೆ ಬ್ಯಾಟಿನ ತಲೆಯನ್ನು ಅಂಗಾತ ಮಲಗಿಸಿ ಎರಡು ತುದಿಗೆ ತಿರುಪು ಬಿಗಿಯುವ ಚೌಕಟ್ಟು, ಪಕ್ಕದಲ್ಲಿ ಏತದ ಮರದಂತೆ ಏರಿ ಇಳಿಯುವ ಒಂದು ಸಲಾಕೆ. ಸಲಾಕೆಯ ಮೇಲೆ ಅತ್ತಿತ್ತ ಸರಿಯುವ ಗುಂಡು. ಎಳೆಯನ್ನು ಸಲಾಕೆಯ ಬಾಯಿಗೆ ಕಚ್ಚಿಸಿ ಬಿಟ್ಟರೆ ಗುಂಡಿನ ಭಾರಕ್ಕೆ ಸಲಾಕೆ ಕೆಳಗಿಳಿಯುತ್ತ ಎಳೆಯನ್ನು ಜಗ್ಗುತ್ತದೆ. ಸಲಾಕೆ ಮಟ್ಟಸವಾಗಿ ನಿಂತಾಗ ಆ ಎಳೆಯನ್ನು ಇಕ್ಕಳದಿಂದ ಹಿಡಿಸಿ ಮುಂದಿನದಕ್ಕೆ ಹೋಗಬೇಕು. ಹತ್ತಿಯಮ್ಮ ಸಲಾಕೆಯನ್ನು ಹತ್ತು ಸಲ ಎತ್ತಿ ಬಿಟ್ಟು ನೋಡಿದರು.

"ನನ್ ತೋಳಲ್ಲಿ ಸಕ್ತಿ ಇಲ್ದಿದ್ರೇನು, ಈ ಗುಂಡಲ್ಲಿ ಅದ್ಯಲ್ಲ," ಎಂದರು.

ಯಂತ್ರದ ಜೊತೆ ಇಂಗ್ಲಿಷಿನ ಒಂದು ಪುಸ್ತಿಕೆ ಇತ್ತು. ಅದನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನಾನು ಹೇಳಿದ್ದನ್ನು ಅವರು ಒಂದೇ ಸಲಕ್ಕೆ ಹಿಡಿಯುತ್ತಿದ್ದರು, ಮತ್ತೆ ಕೇಳುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸೆಕೆ, ನೊಣ, ಇಷ್ಟು ಸಣ್ಣ ಅಕ್ಷರ. ಒಂದು ಪುಟ ಪೂರ್ತಿ ಬರೀ ಎಚ್ಚರಿಕೆಯ ಮಾತುಗಳಂತೆ ಕಂಡಿತು. "ಇದರಲ್ಲಿ ಏನೂ ಇಲ್ಲ ಹತ್ತಿಯಮ್ಮ," ಎಂದು ಹಾಳೆ ಮಗುಚಿದೆ.

ಹತ್ತಿಯಮ್ಮ ಕಟ್ಟತೊಡಗಿದರು. ಉದ್ದೆಳೆಗಳನ್ನು ನಡುವಿನಿಂದ ಶುರುಮಾಡಿ ಬಲಗಡೆಗೆ ಒಂದೊಂದಾಗಿ ಬಿಗಿಯುತ್ತ ಹೋದರು. ಎಂಟನೆಯ ಎಳೆಗೆ ಸಲಾಕೆ ಇಳಿಯುತ್ತಿದ್ದಾಗ ಒಣ ಕಟ್ಟಿಗೆ ಸೀಳಿದ ಹಾಗೆ ಚಟ್ ಎಂದಿತು. ಬ್ಯಾಟಿನ ತಲೆ ಎಡಭಾಗದಲ್ಲಿ ಬಾಯಿಬಿಟ್ಟಿತ್ತು.

ಸದ್ದಿಗೆ ಕಾರ್ಯದರ್ಶಿಗಳು ಬಂದರು. ಬಾಗಿ ನೋಡಿದರು. "ನಾನು ಹೇಳಿರಲಿಲ್ಲವೇ?" ಎಂದರು. ನನ್ನ ಕೈಯಲ್ಲಿ ಪುಸ್ತಿಕೆ ಇತ್ತು. ಅದನ್ನು ಬೆನ್ನ ಹಿಂದೆ ಸರಿಸಿದೆ.

"ನನ್ ಕೈಯಿಂದ್ಲೇ ಆಯ್ತು ಸೋಮಿ," ಎಂದರು ಹತ್ತಿಯಮ್ಮ. ನನ್ನ ಕಡೆ ತಿರುಗಿ, "ಇದ ತಕ್ಕೊಂಡೋಯ್ತೀನಿ ಕಣವ್ವ," ಎಂದು ಮುರಿದ ಬ್ಯಾಟನ್ನು ಸೆರಗಿನಲ್ಲಿ ಸುತ್ತಿಕೊಂಡು ರೈಲಿಗೆ ಹೊರಟರು.

ಅವತ್ತು ಸಂಜೆ ಮನೆಯಲ್ಲಿ ಆ ಪುಟವನ್ನು ಓದಿದೆ. ಒಂದೇ ಕಡೆಗೆ ಎರಡಕ್ಕಿಂತ ಹೆಚ್ಚು ಎಳೆ ಬಿಗಿಯಕೂಡದು, ಎಡಕ್ಕೊಂದು ಬಲಕ್ಕೊಂದು ಸಮನಾಗಿ ಎಳೆಯುತ್ತ ಹೋಗದಿದ್ದರೆ ಚೌಕಟ್ಟು ಸೀಳುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಪುಸ್ತಿಕೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಓದು ಬಂದ ಹುಡುಗಿ ಅನ್ನುವ ಒಂದೇ ಹೆಮ್ಮೆ ಇದ್ದದ್ದು ನನಗೆ. ಅದನ್ನು ಕಳೆದುಕೊಳ್ಳುವ ಧೈರ್ಯವಿರಲಿಲ್ಲ. ಹತ್ತಿಯಮ್ಮ ವಾರ ಕಳೆದರೂ ಬರಲಿಲ್ಲ, ಎರಡು ವಾರ ಕಳೆದರೂ ಬರಲಿಲ್ಲ. ನಮ್ಮ ಮನೆಯ ಹಾಸಿಗೆ ಹತ್ತಿ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ನಾಚಿಕೆಯಾಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದಳು ಅಮ್ಮ. ನನಗೆ ಅನ್ನ ಸೇರುತ್ತಿರಲಿಲ್ಲ.

ಮೂರು ವಾರದ ಮೇಲೆ ಹಿತ್ತಿಲ ಬಾಗಿಲು ಸದ್ದಾಯಿತು. ಹತ್ತಿಯಮ್ಮ. ಕೈಯಲ್ಲಿ ನನ್ನ ಬ್ಯಾಟು. ಸೀಳಿದ ಕಡೆ ಬಿದಿರಿನ ದಬ್ಬೆ ಇಟ್ಟು ಹುರಿಯಿಂದ ಒತ್ತಾಗಿ ಸುತ್ತಿದ್ದರು. ಬಿಲ್ಲಿನ ಹಳೆಯ ನರವನ್ನು ಇಡೀ ಬ್ಯಾಟಿಗೆ ಬಿಗಿದಿದ್ದರು. ಆಡುವುದಕ್ಕೆ ಬಾರದ ಬ್ಯಾಟು, ಆದರೆ ಒಂದೆಳೆಯೂ ಸೊಟ್ಟಗಿರಲಿಲ್ಲ.

"ಏಳ್ ಸಲ ಬಿಚ್ಚಿ ಏಳ್ ಸಲ ಕಟ್ದೆ ಕಣವ್ವ," ಎಂದು ಮೆಟ್ಟಿಲ ಮೇಲೆ ಕೂತರು. "ನಮ್ ಯಜಮಾನ್ರು ಮನಗಿದ್ದಲ್ಲೇ ನೋಡ್ತಿದ್ರು. ಬಲಕ್ಕೇ ಎಳೀತಾ ಓದ್ರೆ ದಬ್ಬೆ ಎಡಕ್ ಬಾಗ್ತದೆ. ಎಡಕ್ ಎಳುದ್ರೆ ಬಲಕ್ ಬಾಗ್ತದೆ. ನಡುವಿಂದ ಆ ಕಡೀಕೊಂದು ಈ ಕಡೀಕೊಂದು ಎಳುದ್ರೆ ಅಳ್ಳಾಡಕ್ಕಿಲ್ಲ. ಅಷ್ಟೆಯಾ. ಅದ ತಿಳ್ಯಕ್ಕೆ ಮೂರ್ ವಾರ ಆಯ್ತು."

"ಅದು ಪುಸ್ತಕದಲ್ಲಿ ಇತ್ತು ಹತ್ತಿಯಮ್ಮ. ನಾನು ಆ ಪುಟ ಓದಲಿಲ್ಲ. ಏನೂ ಇಲ್ಲ ಅಂತ ಹೇಳಿಬಿಟ್ಟೆ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವತ್ತೇ ಗೊತ್ತಿತ್ತಾ?"

"ಅವತ್ತು ಸಂಜೆ ಗೊತ್ತಾಯಿತು."

"ಆ ಸೋಮಿಗ್ ಏಳ್ದಾ?"

"ಇಲ್ಲ."

"ಓಗಿ ಏಳು," ಎಂದರು. "ನಾನ್ ಇಲ್ಲೇ ಕೂತಿರ್ತೀನಿ. ಏಳ್ಬುಟ್ ಬಂದ್ಮೇಲೆ ಆ ಪುಸ್ತಕನ ಮೊದ್ಲಿಂದ ಓದು. ಒಂದಕ್ಸರ ಬುಡ್ಬ್ಯಾಡ."

ನಮ್ಮ ಮನೆಯಿಂದ ಕ್ಲಬ್ಬಿಗೆ ಇನ್ನೂರು ಹೆಜ್ಜೆ. ಅಷ್ಟು ದೂರದ ದಾರಿಯನ್ನು ನಾನು ಮತ್ತೆಂದೂ ನಡೆದಿಲ್ಲ. ಕಾರ್ಯದರ್ಶಿಗಳು ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ, ಆ ಹೆಂಗಸಿನ ತಪ್ಪೇನೂ ಇಲ್ಲ, ತಪ್ಪು ನನ್ನದು ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಒಂದು ಬ್ಯಾಟು ತಂದು ನನ್ನ ಕೈಗಿಟ್ಟರು.

"ಇದು ನನ್ನದು," ಎಂದರು. "ಈ ಸಲ ಎಲ್ಲ ಪುಟ ಓದಮ್ಮ."

ಅದನ್ನು ಕಟ್ಟುವುದಕ್ಕೆ ಹತ್ತಿಯಮ್ಮ ಎರಡು ದಿನ ತೆಗೆದುಕೊಂಡರು. ಎಡಕ್ಕೊಂದು, ಬಲಕ್ಕೊಂದು. ಪ್ರತಿ ಎಳೆಗೂ ಸಲಾಕೆ ಪೂರ್ತಿ ನಿಲ್ಲುವವರೆಗೆ ಉಸಿರು ಹಿಡಿದಿರುತ್ತಿದ್ದರು. ಉದ್ದೆಳೆ ಮುಗಿದ ಮೇಲೆ ಅಡ್ಡೆಳೆಗಳನ್ನು ಒಂದರ ಮೇಲೆ ಒಂದರ ಕೆಳಗೆ ಚಾಪೆ ಹೆಣೆದಂತೆ ತೂರಿಸಿ, ದಬ್ಬಳದ ತುದಿಯಿಂದ ನೇರ ಮಾಡಿ ಬಿಗಿಯುತ್ತಿದ್ದರು. ಕೊನೆಗೆ ಎಳೆ ಎಳೆಯನ್ನೂ ಉಗುರಿನಿಂದ ಮೀಟಿ ಕಿವಿಗೊಟ್ಟರು. ಎರಡು ಕಡೆ ಮುಖ ಸಿಂಡರಿಸಿ, ಬಿಚ್ಚಿ, ಮತ್ತೆ ಎಳೆದರು. "ಕೈಗ್ ಬರೋಗಂಟ ಬುಡಬಾರ್ದು," ಎನ್ನುವುದು ಅವರ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ಹೆಚ್ಚಾಗಿ ತಮಗೆ ತಾವೇ.

ಎರಡನೆಯ ದಿನ ಸಂಜೆ ಕಾರ್ಯದರ್ಶಿಗಳು ಆ ಬ್ಯಾಟು ಹಿಡಿದು ಅಂಗಳಕ್ಕಿಳಿದಾಗ ಹತ್ತಿಯಮ್ಮ ಬೇಲಿಯ ಆಚೆ ಹುಣಸೆಮರದ ಬುಡದಲ್ಲಿ ನಿಂತು ನೋಡಿದರು. ಟೆನ್ನಿಸ್ ಅನ್ನುವುದನ್ನು ಅವರು ನೋಡಿದ್ದು ಅದೇ ಮೊದಲು. ಮೊದಲ ಹೊಡೆತಕ್ಕೇ ಕೈಯನ್ನು ಬಾಯಿಗೆ ಒತ್ತಿಕೊಂಡರು.

"ಅಯ್ಯೋ, ಇಷ್ಟ್ ಚೆಂದಾಗ್ ಕಟ್ಟಿರೋದ್ನ ಇಂಗ್ ಬಡೀತಾರಲ್ಲವ್ವ!"

ಎಳೆಗಳು ಹಿಡಿದು ನಿಂತವು. ಕಾರ್ಯದರ್ಶಿಗಳು ಆಟ ಮುಗಿಸಿ ನೇರ ಹುಣಸೆಮರದ ಹತ್ತಿರ ಬಂದು, ಬ್ಯಾಟು ಕಟ್ಟಲು ನಾಳೆಯಿಂದ ಬರಬಹುದು ಎಂದರು. ಮುಂದಿನ ಬಾಗಿಲಿನಿಂದಲೇ ಎಂದೂ ಹೇಳಿದರು.

ಯುದ್ಧ ಬಲಿಯುತ್ತಿದ್ದ ಹಾಗೆ ಹೊರಗಿನಿಂದ ನರ ಬರುವುದು ನಿಂತುಹೋಯಿತು. ಕ್ಲಬ್ಬಿನಲ್ಲಿದ್ದ ಸುರುಳಿಗಳು ಮುಗಿದವು. ಇನ್ನೇನು, ಆಟ ನಿಲ್ಲಿಸುವುದೇ ಸೈ ಎಂದು ಎಲ್ಲರೂ ಕೈ ಚೆಲ್ಲಿದರು. ಹತ್ತಿಯಮ್ಮ, ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮಳವಳ್ಳಿಗೆ ಹೋದರು. ಅಲ್ಲಿನ ಕಟುಕರ ಹತ್ತಿರ ಬಂಡೂರು ಕುರಿಯ ಕರುಳನ್ನು ಎರಡು ಗಡಿಗೆ ತುಂಬಿಸಿಕೊಂಡು ತಂದರು. ಬಸ್ಸಿನವನು ಗಡಿಗೆಗಳನ್ನು ನೋಡಿ ಇಳಿಸಿಬಿಟ್ಟನಂತೆ. ಅರ್ಧ ದಾರಿ ಎತ್ತಿನಗಾಡಿಯಲ್ಲಿ, ಅರ್ಧ ದಾರಿ ನಡೆದು ಬಂದರು. ಕೇರಿಯವರು ನಾತಕ್ಕೆ ಗಲಾಟೆ ಮಾಡುತ್ತಾರೆಂದು ಶಿಂಷಾ ಹೊಳೆಯ ದಡದಲ್ಲೇ ಕೂತು ತೊಳೆದು, ಬಿದಿರಿನ ಸೀಳಿನಿಂದ ಹೆರೆದು, ಬೂದಿನೀರಿನಲ್ಲಿ ನೆನೆಸಿ, ಎಳೆ ಎಳೆಯಾಗಿ ಸೀಳಿ ಹೊಸೆದು, ಎರಡು ಮರಕ್ಕೆ ಬಿಗಿದು ಒಣಗಿಸಿದರು. ಕಾಗೆ, ಹದ್ದು, ನಾಯಿ ಕಾಯುತ್ತ ಕೋಲು ಹಿಡಿದು ಕೂತಿದ್ದ ಅವರನ್ನು ನಾನೇ ಹೋಗಿ ನೋಡಿದ್ದೇನೆ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಮೊದಲ ಎರಡು ಸಲದ ನರ ಬ್ಯಾಟಿಗೆ ಬರಲಿಲ್ಲ, ಪಟಪಟ ಕಿತ್ತವು. ಬಿಲ್ಲಿಗಿಂತ ಇದು ಸಣ್ಣಗೆ ಹೊಸೆಯಬೇಕಿತ್ತು. ಮೂರನೆಯ ಸಲದ್ದು ನಿಂತಿತು.

ಅಪ್ಪ ಕೊಡಿಸಿದ ಹೊಸ ಬ್ಯಾಟಿಗೆ ಆ ನರ ಕಟ್ಟಿಸಿಕೊಂಡು ನಾನು ದಸರಾ ಪಂದ್ಯಗಳಿಗೆ ಮೈಸೂರಿಗೆ ಹೋದೆ. ಮೊದಲ ಪಂದ್ಯದಲ್ಲೇ ಸೋತೆ. ಕಾಲಿಗೆ ಸೀರೆ ತೊಡರಿ ಒಂದು ಸಲ ಬಿದ್ದೆ ಕೂಡ. ಊರಿಗೆ ಬಂದು ಬ್ಯಾಟನ್ನು ಮೊಳೆಗೆ ನೇತುಹಾಕಿ, ಇನ್ನು ಸಾಕು ಎಂದು ತೀರ್ಮಾನಿಸಿದೆ. ಹತ್ತಿಯಮ್ಮ ಸುದ್ದಿ ಕೇಳಿ ಬಂದರು.

"ಸೋತ್ಯಂತೆ?"

"ಹೂಂ."

"ನರ ಕಿತ್ತೋಯ್ತಾ?"

"ಇಲ್ಲ."

ಮೊಳೆಯಿಂದ ಬ್ಯಾಟು ತೆಗೆದು ಎಳೆಗಳನ್ನು ಒಂದೊಂದಾಗಿ ಮೀಟಿ ನೋಡಿದರು. "ಅಂಗಾರೆ ಸೋತಿರೋದು ನಿನ್ ಕೈ, ನನ್ ಕೈಯಲ್ಲ. ನಂದು ಸರ್ಯಾಗದೆ. ನಿಂದ ಸರಿಮಾಡ್ಕೊ." ಬ್ಯಾಟನ್ನು ನನ್ನ ಮಡಿಲಿಗೆ ಹಾಕಿ ಹೋದರು.

ನಗು ಬಂತು, ಅಳುವೂ ಬಂತು. ಮಾರನೆಯ ದಿನ ಬೆಳಿಗ್ಗೆ ಡಾಕ್ಟರ ಹೆಂಡತಿಯನ್ನು ಎಬ್ಬಿಸಿ ಅಂಗಳಕ್ಕೆ ಹೋದೆ. ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಕ್ವಾರ್ಟರ್ಸಿನವರು ಕಿಟಕಿಯಲ್ಲಿ ನಿಂತು ನೋಡಿದರು, ನೋಡಲಿ ಎಂದುಕೊಂಡೆ. ಮರುವರ್ಷ ಮೈಸೂರಿನಲ್ಲಿ ಮೂರು ಪಂದ್ಯ ಗೆದ್ದು ನಾಲ್ಕನೆಯದರಲ್ಲಿ ಸೋತೆ. ಗೆದ್ದ ಹುಡುಗಿ ಬಲೆಯ ಹತ್ತಿರ ಕೈಕುಲುಕುತ್ತ, ನಿನ್ನ ಬ್ಯಾಟು ಯಾರು ಕಟ್ಟುತ್ತಾರೆ ಎಂದು ಕೇಳಿದಳು. ಮದ್ದೂರಿನ ಒಬ್ಬ ಹೆಂಗಸು ಎಂದೆ. ನಂಬಲಿಲ್ಲ. ಆದರೂ ಹದಿನೈದು ದಿನಕ್ಕೆ ಅವಳ ಬ್ಯಾಟು ರೈಲಿನಲ್ಲಿ ಬಂತು. ಆಮೇಲೆ ಬರುತ್ತಲೇ ಇದ್ದವು.

ಆ ವರ್ಷವೇ ಒಂದು ಒಳ್ಳೆಯ ಮನೆಯ ಸಂಬಂಧ ಕೂಡಿಬಂತು. ಅವರದು ಒಂದೇ ಮಾತು, ಹುಡುಗಿ ಆಟ ಬಿಡಬೇಕು. ಅಪ್ಪ ನನಗೇ ಬಿಟ್ಟರು. ನಾನು ಹತ್ತಿಯಮ್ಮನನ್ನು ಕೇಳಿದೆ.

"ನನ್ನ ಕೇಳ್ಬ್ಯಾಡ. ನಾನು ಆ ಮನೇಲ್ ಬಾಳೋಳಲ್ಲ," ಎಂದರು, ಸಲಾಕೆಯಿಂದ ಕಣ್ಣು ತೆಗೆಯದೆ. "ನಿಂಗ್ ಆಡ್ಬೇಕಾ, ಬ್ಯಾಡ್ವಾ? ಅಷ್ಟ್ ಏಳು."

"ಆಡಬೇಕು."

"ಮತ್ತಿನ್ನೇನ್ ಕೇಳ್ತೀಯ? ಆ ಇಕ್ಕಳ ಕೊಡಿಲ್ಲಿ."

ಅಮ್ಮ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಳು. ನಾನು ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಬಂದೆ. ಮಂಡ್ಯದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಮೇಡಮ್ಮು ಆದೆ. ಇವತ್ತಿನವರೆಗೂ ನನ್ನ ಅನ್ನ ಅದರಿಂದಲೇ.

ನಾನು ತಿರುಗಿ ಬರುವಷ್ಟರಲ್ಲಿ ಹತ್ತಿಯಮ್ಮನ ಗಂಡ ತೀರಿಕೊಂಡಿದ್ದರು. ಹತ್ತಿಯ ದೂಳಿನ ಅದೇ ಕೆಮ್ಮು ಈಗ ಹತ್ತಿಯಮ್ಮನಿಗೂ ಅಂಟಿತ್ತು. ರೈಲು ನಿಲ್ದಾಣದಿಂದ ಕ್ಲಬ್ಬಿಗೆ ನಡೆಯುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದರು. ಇದನ್ನು ನೋಡಿದ ಕಾರ್ಯದರ್ಶಿಗಳು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದರು. ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಮದ್ದೂರಿಗೆ ಹಿಂತಿರುಗುತ್ತಿದ್ದ ಗಾಡಿಯೊಂದಕ್ಕೆ ಯಂತ್ರವನ್ನು ಹತ್ತಿಸಿ, ಕಬ್ಬಿನ ಒಣಗರಿಯ ರವದಿ ಹೊದಿಸಿ, ಅವರ ಮನೆಗೇ ಕಳಿಸಿಬಿಟ್ಟರು. ಕೇರಿಯ ಮಕ್ಕಳೆಲ್ಲ ಗಾಡಿಯ ಹಿಂದೆ ಓಡಿದರಂತೆ.

ಅಲ್ಲಿಂದ ಪ್ರತಿ ಭಾನುವಾರ ನಾನು ಮದ್ದೂರಿಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಅವರನ್ನು ಬಹುವಚನದಲ್ಲಿ ಕರೆಯಲು ಶುರುಮಾಡಿದ್ದೆ. "ಅದ್ಯಾಕಿಂಗ್ ಮಾತಾಡ್ತೀಯ, ನಾನೇನ್ ಕಿಲಬ್ಬಿನ್ ಸೆಕ್ರೆಟ್ರೀನಾ?" ಎಂದು ಗದರುತ್ತಿದ್ದರು. ಮೊದಲು ನೋಡುತ್ತ ಕೂರುತ್ತಿದ್ದವಳಿಗೆ ಆಮೇಲೆ ಅಡ್ಡೆಳೆ ತೂರಿಸಲು ಕೊಟ್ಟರು. ಆಮೇಲೆ ಬಿಗಿಯಲು ಕೊಟ್ಟರು. ನಾನು ಕಟ್ಟಿದ ಬ್ಯಾಟನ್ನು ಮೀಟಿ ನೋಡಿ ಏನೂ ಹೇಳದೆ ಕತ್ತರಿ ತೆಗೆದುಕೊಳ್ಳುತ್ತಿದ್ದರು. ಕಚಕಚ ಕತ್ತರಿಸಿ, "ಇನ್ನೊಂದ್ಸಲ," ಎನ್ನುತ್ತಿದ್ದರು. ಹನ್ನೊಂದು ಬ್ಯಾಟು ಹಾಗೆ ಕತ್ತರಿಸಿದರು. ಹನ್ನೆರಡನೆಯದನ್ನು ಮೀಟಿ, ಕತ್ತರಿಗೆ ಕೈ ಹಾಕಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇರ್ಲಿ ಬುಡು," ಎಂದರು. ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೇ.

ಸ್ವಾತಂತ್ರ್ಯ ಬಂದ ವರ್ಷ, ಮಳೆಗಾಲ ಕಳೆದು ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಮದ್ದೂರಿನಿಂದ ರೈಲಿನಲ್ಲಿ ಬಂದ ಅವರ ಕೇರಿಯ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಮಾತು ಹೇಳಬೇಕಾಗಿರಲಿಲ್ಲ.

ನಾನು ತಲುಪಿದಾಗ ಗಂಡಸರು ಅವರನ್ನು ಎತ್ತಿಕೊಂಡು ಹೋಗಲು ಅಣಿಮಾಡುತ್ತಿದ್ದರು. ಮುಖ ನೋಡಿದೆ. ಕಾಲಿನ ಹತ್ತಿರ ಸ್ವಲ್ಪ ಹೊತ್ತು ಕೂತೆ. ಗಂಡಸರು ಹೊರಟ ಮೇಲೆ ಮನೆಯಲ್ಲಿ ಉಳಿದವರು ಅಕ್ಕಪಕ್ಕದ ನಾಲ್ಕೈದು ಹೆಂಗಸರು ಮತ್ತು ನಾನು. ಮೂಲೆಯಲ್ಲಿ ಯಂತ್ರ. ಅದರಲ್ಲಿ ಡಾಕ್ಟರ ಹೆಂಡತಿಯ ಬ್ಯಾಟು ಇನ್ನೂ ಕಚ್ಚಿಕೊಂಡೇ ಇತ್ತು. ಉದ್ದೆಳೆಗಳು ಎಲ್ಲ ಮುಗಿದಿದ್ದವು. ಅಡ್ಡೆಳೆ ಒಂದೂ ಬಿದ್ದಿರಲಿಲ್ಲ.

"ನೆನ್ನೆ ವತ್ ಮುಳುಗೋಗಂಟ ಕಟ್ತಾ ಕೂತಿತ್ತು ಕಣಮ್ಮ," ಎಂದರು ಪಕ್ಕದ ಮನೆಯಾಕೆ, ಕಣ್ಣೊರೆಸಿಕೊಂಡು. "ಸಾಕ್ ಬುಡಕ್ಕ ಅಂದೆ. ಈ ಕಡೆ ಮುಗುದ್ ಓಗ್ಲಿ ಅಂತು. ಮುಗ್ಸಿ, ಎದೆ ಇಡ್ಕೊಂಡ್ ಮನಗ್ತು. ಎದ್ದೇ ಇಲ್ಲ."

ಉದ್ದೆಳೆ ಬಿಗಿದು ಅಡ್ಡೆಳೆ ಹಾಕದ ಬ್ಯಾಟನ್ನು ಹಾಗೆ ಬಿಡುವಂತಿಲ್ಲ. ಒಂದೆರಡು ದಿನದಲ್ಲಿ ತಲೆ ಉದ್ದುದ್ದಕ್ಕೆ ಅದುಮಿ ಸೊಟ್ಟಗಾಗಿಬಿಡುತ್ತದೆ. ಹೆಂಗಸರನ್ನು ಕೇಳಿದೆ, ನಾನು ಇದನ್ನು ಮುಗಿಸಬಹುದೇ ಎಂದು. ಸಾವಿನ ಮನೆಯಲ್ಲಿ ಇದೆಂಥ ಮಾತು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಪಕ್ಕದ ಮನೆಯಾಕೆ ಎದ್ದು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು ಬೆಳಕು ಮಾಡಿಕೊಟ್ಟರು.

ಗೋಡೆಗೆ ತೂಗುಹಾಕಿದ್ದ ಸುರುಳಿಯಿಂದ ನರ ಬಿಚ್ಚಿ ಶುರುಮಾಡಿದೆ. ಒಂದರ ಮೇಲೆ, ಒಂದರ ಕೆಳಗೆ. ಎರಡು ಸಲ ತಪ್ಪಿದೆ, ಎರಡು ಸಲವೂ ಬಿಚ್ಚಿದೆ. ಗಂಡಸರು ಮಣ್ಣು ಮುಗಿಸಿ ಬರುವ ಹೊತ್ತಿಗೆ ಕೊನೆಯ ಗಂಟು ಹಾಕಿದ್ದೆ.

ಡಾಕ್ಟರ ಹೆಂಡತಿ ಆ ಬ್ಯಾಟಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಆಡಿದರು. ಒಂದು ದಿನ ಶಾಲೆಗೇ ತಂದು ಮೇಜಿನ ಮೇಲಿಟ್ಟು, "ಅಂತೂ ಒಂದೆಳೆ ಹೋಯಿತು ನೋಡಿ," ಎಂದರು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಹೋಗಿದ್ದದ್ದು ಅಡ್ಡೆಳೆ. ಹತ್ತಿಯಮ್ಮನ ಉದ್ದೆಳೆಗಳು ಒಂದೂ ಸಡಿಲವಾಗಿರಲಿಲ್ಲ.

ನನ್ನ ಎಳೆಗಳನ್ನಷ್ಟೇ ಬಿಚ್ಚಿ ಮತ್ತೆ ಕಟ್ಟಿಕೊಟ್ಟೆ.